ಸ್ಪೇನಿನ ಕರಾವಳಿ ಕೋಸ್ಟಾ ಡೆಲ್ ಸೋಲ್‌ನಿಂದ ಗ್ರಾನಡಾ, ಕೊರ್ಡೊಬಾ, ಸೆವಿಯಾ: ಒಂದು ದಿನಕ್ಕೆ ಯಾವುದು? ಹೋಗಿ ಬಂದವರು ಹೇಳಿ

ಹಾಸನದ ಸೊಸೆ:
ಮೇ ತಿಂಗಳಲ್ಲಿ ಒಂದು ವಾರ ಮಲಗಾ ಹತ್ತಿರದ ಫುವೆಂಗಿರೋಲಾದಲ್ಲಿ ಇರುತ್ತೇವೆ. ಜೊತೆಗೆ ಅತ್ತೆ, ಮಾವ, ಆರು ವರ್ಷದ ಮಗಳು. ಮಾವನಿಗೆ ಮಂಡಿ ನೋವು. ಗ್ರಾನಡಾ, ಕೊರ್ಡೊಬಾ, ಸೆವಿಯಾ ಮೂರರಲ್ಲಿ ಒಂದಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬೇಕು. ರೈಲಾ, ಟೂರ್ ಬಸ್ಸಾ, ಕಾರಾ? ಎಲ್ಲರೂ ಸಸ್ಯಾಹಾರಿಗಳು.

ಮ್ಯಾಂಚೆಸ್ಟರ್ ಮಂಡ್ಯ:
ಟೂರ್ ಬಸ್ ಮಾತ್ರ ಹತ್ತಬೇಡಿ. ಗ್ರಾನಡಾಕ್ಕೆ, ಅಲ್ಲಿನ ಅಲಾಂಬ್ರಾ ಕೋಟೆ-ಅರಮನೆಯ ಟಿಕೆಟ್ ಸೇರಿಸಿ ತಲೆಗೆ 85 ಯೂರೋ ಕೊಟ್ಟೆವು. ಪಿಕಪ್ 6:15ಕ್ಕೆ ಅಂದರು, ಬಂದಿದ್ದು 6:40ಕ್ಕೆ. ಆಮೇಲೆ ಬೆನಾಲ್ಮಾಡೆನಾ, ಟೊರೆಮೊಲಿನೋಸ್ ಅಂತ ಒಂದೊಂದು ಹೋಟೆಲ್ ಮುಂದೆಯೂ ನಿಂತು, ಮಲಗಾ ದಾಟುವಾಗ 8:20. ಅಲ್ಲಿಂದ ಸ್ವಲ್ಪ ದೂರಕ್ಕೆ ಹೆದ್ದಾರಿ ಪಕ್ಕ ಕಾಫಿ ಬ್ರೇಕ್. ಕಾಫಿಗಿಂತ ಆಲಿವ್ ಎಣ್ಣೆ ಡಬ್ಬಗಳೇ ಜಾಸ್ತಿ ಇದ್ದವು. ಗೈಡ್ ಮೂರು ಭಾಷೆಯಲ್ಲಿ ಹೇಳುತ್ತಿದ್ದ, ಇಂಗ್ಲಿಷ್ ಕೊನೆಗೆ. ಅರಮನೆಯ ಸಿಂಹದ ಅಂಗಳದ 12 ಸಿಂಹಗಳ ಕಥೆ ಇಂಗ್ಲಿಷಿಗೆ ಬರುವಷ್ಟರಲ್ಲಿ ಹಿಂದಿನ ಗುಂಪು ನಮ್ಮನ್ನು ಆಚೆ ತಳ್ಳಿತ್ತು. ಊರೊಳಗೆ ಸುತ್ತಾಡಲು ಕೊಟ್ಟಿದ್ದು 50 ನಿಮಿಷ. ಹಳೇ ಪೇಟೆ ಅಲ್ಬೈಸಿನ್‌ನ ಓಣಿಗಳನ್ನು ಎದುರು ಗುಡ್ಡದಿಂದ ನೋಡಿದ್ದಷ್ಟೇ. ಅದೇ ಮಲಗಾ ಬಸ್ ಸ್ಟ್ಯಾಂಡಿನಿಂದ ಮಾಮೂಲಿ ಬಸ್ಸಿನಲ್ಲಿ ಎರಡು ಗಂಟೆಯೊಳಗೆ ಗ್ರಾನಡಾ ಬರುತ್ತದೆ. ಹೋಗಿ ಬರಲು ತಲೆಗೆ 30 ಯೂರೋ ಆಸುಪಾಸು.

ಜಯನಗರ ನಾಲ್ಕನೇ ಬ್ಲಾಕ್:
ಟೂರಿನವರನ್ನು ಬೈಯೋದು ಸುಲಭ. ಅಲಾಂಬ್ರಾ ಟಿಕೆಟ್ ಯಾರು ಕೊಡುತ್ತಾರೆ? ಸೀಸನ್‌ನಲ್ಲಿ ವಾರಗಟ್ಟಲೆ ಮೊದಲೇ ಖಾಲಿ ಆಗಿರುತ್ತದೆ. ನಾವು ಮೊದಲು ಒಂದು ಟಿಕೆಟ್ ಸೈಟಿನಲ್ಲಿ ಕೂತೆವು. ಸರ್‌ನೇಮ್ ಕಡ್ಡಾಯ ಅಂತ ಬಂತು. ನಮ್ಮೆಜಮಾನರ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ಊರಿನ ಹೆಸರು, ಅಪ್ಪನ ಹೆಸರು, ಅವರ ಹೆಸರು ಮೂರೂ ಒಂದೇ ಸಾಲಿನಲ್ಲಿವೆ. ಚುಕ್ಕಿ ಹಾಕಿದರೆ ಕೆಂಪು ಗೆರೆ. ಇನಿಷಿಯಲ್ ಹಾಕಿದರೆ ಕನಿಷ್ಠ ಎರಡು ಅಕ್ಷರ ಬೇಕಂತೆ. ಅಷ್ಟರಲ್ಲಿ ಟೈಮರ್ ಮುಗಿದು 10:30ರ ಸ್ಲಾಟ್ ಹೋಯಿತು. ಟೂರಿನವರಿಗೆ ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್ ಮಾಡಿದೆ, ಕೆಲಸ ಮುಗಿಯಿತು. ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ ಕಣ್ರೀ. ಅಲಾಂಬ್ರಾ ಒಳಗಿನ ನಸ್ರಿದ್ ಅರಮನೆಗೆ ಟಿಕೆಟಿನಲ್ಲಿರುವ ಟೈಮ್ ತಪ್ಪಿದರೆ ಬಿಡಲ್ಲ. ನಿಮ್ಮ ಮಾಮೂಲಿ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಯಾರನ್ನು ಹಿಡಿಯುತ್ತೀರಿ?

ಮ್ಯಾಂಚೆಸ್ಟರ್ ಮಂಡ್ಯ:
ಸಿಕ್ಕಿಕೊಂಡಿದ್ದು ಟೂರ್ ಬಸ್ಸೇ ಆಂಟಿ.

ಜಯನಗರ ನಾಲ್ಕನೇ ಬ್ಲಾಕ್:
ಆಂಟಿ ಅಂತ ಯಾರು ಹೇಳಿದರು ನಿಮಗೆ?

ಉಳಿತಾಯ ರಾಯರು:
ಈ ರಗಳೆಯೇ ಬೇಡ ಅಂತ ನಾವು ಕೊರ್ಡೊಬಾ ಹಿಡಿದೆವು. ಮಲಗಾದ ಮರಿಯಾ ಸಂಬ್ರಾನೋ ಸ್ಟೇಷನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ. ಅಲ್ಲಿನ ಹಳೇ ಮಸೀದಿ ಮೆಸ್ಕಿಟಾಗೆ ಆಗ 13 ಯೂರೋ ಟಿಕೆಟ್ ಇತ್ತು. ಆದರೆ ಸೋಮವಾರದಿಂದ ಶನಿವಾರ ಬೆಳಿಗ್ಗೆ 8:30ರಿಂದ 9:30ರವರೆಗೆ ಪುಕ್ಕಟೆ, ಗುಂಪುಗಳನ್ನು ಬಿಡಲ್ಲ. 856 ಕಂಬಗಳು, ಮೇಲೆ ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಜೋಡಿ ಕಮಾನು. ಸೆಲ್ಫಿ ಕೋಲು ಒಂದೂ ಇಲ್ಲ. 8ನೇ ಶತಮಾನದ ಮಸೀದಿಯ ಮಬ್ಬಿನಲ್ಲಿ ನಡೆಯುತ್ತಾ ಹೋದರೆ ನಡುವೆ 16ನೇ ಶತಮಾನದ ಚರ್ಚು, ಮೇಲಿನಿಂದ ಧಾರಾಳ ಬೆಳಕು. 9:20ಕ್ಕೆ ಸಿಬ್ಬಂದಿ ಬಂದು ಎಲ್ಲರನ್ನೂ ಹೊರಡಿಸಿದರು. ಮೊದಲ ರೈಲು ಹಿಡಿಯಬೇಕು, ಲೋಕಲ್ ಟ್ರೈನ್ ಅಷ್ಟು ಬೇಗ ತಲುಪಿಸಲ್ಲ. ಮಲಗಾವರೆಗೆ ಟ್ಯಾಕ್ಸಿ 48. ಕೊರ್ಡೊಬಾದಲ್ಲಿ ಇಳಿದ ಮೇಲೆ ಇನ್ನೊಂದು ಟ್ಯಾಕ್ಸಿ 8. ನಾಲ್ಕು ಜನಕ್ಕೆ ಟಿಕೆಟ್‌ನಲ್ಲಿ 52 ಯೂರೋ ಉಳಿಯಿತು.

ಮ್ಯಾಂಚೆಸ್ಟರ್ ಮಂಡ್ಯ:
52 ಉಳಿಸೋಕೆ 56 ಖರ್ಚು. ರಾಯರೇ, ಅಡ್ಡಬಿದ್ದೆ.

ಉಳಿತಾಯ ರಾಯರು:
ನಗಬೇಡಿ. ಮಧ್ಯಾಹ್ನ ಅದೇ ಬಾಗಿಲಲ್ಲಿ ಸಾಲು ನೋಡಿದ್ದರೆ ನೀವೂ 56 ಕೊಡುತ್ತಿದ್ದಿರಿ. ಬಿಸಿಲು ಬೇರೆ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ಅನ್ನೋದು ಮಾಮೂಲು.

ಮ್ಯೂನಿಕ್ ಮಲೆನಾಡಿಗ:
ಕಾರು ತಗೊಳ್ಳಿ ಅಂತ ಯಾರಾದರೂ ಹೇಳುವ ಮೊದಲು ನನ್ನದು ಕೇಳಿ. ಗ್ರಾನಡಾ ನಡುಪೇಟೆಯಲ್ಲಿ ಬಸ್ಸು, ಟ್ಯಾಕ್ಸಿ, ಅನುಮತಿ ಇರುವ ಗಾಡಿಗಳಿಗೆ ಮಾತ್ರ ಬಿಡುವ ಬೀದಿಗಳಿವೆ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಫೋನಿನ ಮ್ಯಾಪ್ ಸೀದಾ ಅದರೊಳಗೇ ನುಗ್ಗಿಸಿತು. ಎಷ್ಟೋ ತಿಂಗಳ ಮೇಲೆ ಬಾಡಿಗೆ ಕಂಪನಿಯಿಂದ ಮೇಲ್: ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದೇವೆ, ಅದರ ಖರ್ಚು 45 ಯೂರೋ ಕಾರ್ಡಿನಿಂದ ತೆಗೆದುಕೊಂಡಿದ್ದೇವೆ. ವಿಳಾಸ ಕೊಟ್ಟಿದ್ದಕ್ಕೆ 45! ದಂಡ ಆಮೇಲೆ ಬಂತು, 200. 20 ದಿನದೊಳಗೆ ಕಟ್ಟಿದರೆ ಅರ್ಧ. ಒಟ್ಟು 145. ಪಾರ್ಕಿಂಗ್ 22, ತೀರದ ಎಪಿ-7 ಹೆದ್ದಾರಿಯಲ್ಲಿ ಟೋಲ್ ಬೇರೆ. ಅಲಾಂಬ್ರಾಗೆ ಕಾರಿನಲ್ಲೇ ಹೋಗುವ ಹಟ ಇದ್ದರೆ ಊರ ಹೊರಗಿನ ರಸ್ತೆಯಿಂದಲೇ ಮೇಲಿನ ಪಾರ್ಕಿಂಗಿಗೆ ಹತ್ತಿ. ಪೇಟೆಗೆ ಇಳಿಯಲೇಬೇಡಿ.

ಪುತ್ತೂರಿನ ಮಾಣಿ:
ಕಾರಿದ್ದೂ ಬೆಟ್ಟದ ಮೇಲಿನ ರೊಂಡಾ ಊರು ಬಿಟ್ಟಿರಾ? 98 ಮೀಟರ್ ಎತ್ತರದ ಸೇತುವೆ, 1793ರಲ್ಲಿ ಕಟ್ಟಿ ಮುಗಿಸಿದ್ದು. ಸೇತುವೆ ನೋಡಲು ಟಿಕೆಟ್ ಬೇಡ, ಸ್ಲಾಟ್ ಬೇಡ, ಸರ್‌ನೇಮ್ ಬೇಡ. ಸಾನ್ ಪೆಡ್ರೋದಿಂದ ಹತ್ತುವ ಎ-397 ರಸ್ತೆ ಪೂರ್ತಿ ತಿರುವು. ನಮ್ಮ ಚಿಕ್ಕವನು ಹೊಸ ಸೀಟಿನ ಮೇಲೇ ವಾಂತಿ ಮಾಡಿದ. ಕ್ಲೀನಿಂಗ್ ಅಂತ 90 ಯೂರೋ ಕಿತ್ತರು. ಆದರೂ ಅದೇ ಚಂದ.

ಮ್ಯೂನಿಕ್ ಮಲೆನಾಡಿಗ:
ಅವರು ಕೇಳಿದ ಪಟ್ಟಿಯಲ್ಲಿ ರೊಂಡಾ ಇಲ್ಲ.

ಪುತ್ತೂರಿನ ಮಾಣಿ:
ದಂಡದ ರಸೀದಿಯೂ ಇರಲಿಲ್ಲ ಮಾರಾಯರೇ.

ಸೆವಿಯಾ ಸುಬ್ಬಿ:
ಪಾಪ, ಅವರ ಮಾವನ ಮಂಡಿ ಯಾರಿಗೂ ನೆನಪಿಲ್ಲ. ಸೆವಿಯಾಗೆ ಮಲಗಾದಿಂದ ರೈಲಿನಲ್ಲಿ ಎರಡು, ಎರಡೂವರೆ ಗಂಟೆ, ನಿಜ. ಆದರೆ ಅಲ್ಲಿನ ದೊಡ್ಡ ಚರ್ಚಿನ ಗಿರಾಲ್ಡಾ ಗೋಪುರ ಹತ್ತೋಕೆ ಮೆಟ್ಟಿಲಲ್ಲ, ಇಳಿಜಾರು ದಾರಿ. ಹಿಂದೆ ಕುದುರೆ ಮೇಲೇ ಹತ್ತುತ್ತಿದ್ದರಂತೆ. ತುದಿಯಲ್ಲಿ ಮಾತ್ರ ಒಂದಷ್ಟು ಮೆಟ್ಟಿಲು. ನಮ್ಮಮ್ಮನಿಗೆ 71, ಎರಡೂ ಮಂಡಿ ಆಪರೇಷನ್ ಆಗಿದೆ. ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿಟಕಿ ಕಿಟಕಿಗೂ ನಿಂತು ನಿಂತು ಹತ್ತಿಯೇಬಿಟ್ಟರು. ಕೆಳಗೆ ಚರ್ಚಿನಲ್ಲಿ ಕೊಲಂಬಸ್ ಸಮಾಧಿ ಇದೆ, ಅದನ್ನು ಅವರು ತಿರುಗಿಯೂ ನೋಡಲಿಲ್ಲ. ಅಲ್ಕಾಸರ್ ಅರಮನೆಗೂ ಮೊದಲೇ ಟೈಮ್ ಬುಕ್ ಮಾಡಿ.

ಜಯನಗರ ನಾಲ್ಕನೇ ಬ್ಲಾಕ್:
ಅಲಾಂಬ್ರಾದಲ್ಲೂ ದಾರಿ ಇದೆ. ಫೋನಿನಲ್ಲಿ ಟಿಕೆಟ್ ಇದ್ದರೆ ಮೇಲಿನ ಟಿಕೆಟ್ ಕೌಂಟರ್‌ಗೆ ಹೋಗಲೇಬೇಕಿಲ್ಲ. ಪೇಟೆಯಿಂದ ಮಿನಿ ಬಸ್ ಹತ್ತಿ ನ್ಯಾಯದ ಬಾಗಿಲ ಹತ್ತಿರ ಇಳಿಯಿರಿ, ನಸ್ರಿದ್ ಅರಮನೆ ಅಲ್ಲಿಂದಲೇ ಹತ್ತಿರ. 12 ವರ್ಷದೊಳಗಿನ ಮಕ್ಕಳಿಗೆ ಫ್ರೀ, ಆದರೂ ಅವರ ಹೆಸರಿನಲ್ಲಿ ಟಿಕೆಟ್ ತೆಗೆಯಲೇಬೇಕು.

ಉಳಿತಾಯ ರಾಯರು:
ಊಟದ ವಿಷಯ. ಕೊರ್ಡೊಬಾದಲ್ಲಿ ಸಾಲ್ಮೊರೇಹೊ ಅಂತ ತಣ್ಣನೆ ಟೊಮೆಟೊ ಗೊಜ್ಜು ಕೊಡುತ್ತಾರೆ, ಬ್ರೆಡ್ ಹಾಕಿ ರುಬ್ಬಿದ್ದು. ಮೇಲೆ ಹಂದಿಮಾಂಸದ ಚೂರು, ಬೇಯಿಸಿದ ಮೊಟ್ಟೆ ಉದುರಿಸುತ್ತಾರೆ. ಮೊದಲೇ ಬೇಡ ಅನ್ನಿ. ನಮ್ಮದು ಬಟ್ಟಲು ಬಂದ ಮೇಲೆ ಚಮಚದಲ್ಲಿ ತೆಗೆದುಹಾಕಿ ಅದನ್ನೇ ವಾಪಸ್ ಇಟ್ಟರು, 7 ಯೂರೋ ದಂಡ. ಬೆರೆನ್ಹೇನಾಸ್ ಕೊನ್ ಮಿಯೆಲ್ ಕೇಳಿ. ಬದನೆಕಾಯಿ ಕರಿದು ಮೇಲೆ ಕಬ್ಬಿನ ಪಾಕ ಹಾಕುತ್ತಾರೆ, ನಮ್ಮ ಜೋನಿ ಬೆಲ್ಲವೇ. ಮಲಗಾ ಕಡೆಯ ಫ್ರಿಹಿಲಿಯಾನಾದಲ್ಲಿ ಈಗಲೂ ತಯಾರಿಸುತ್ತಾರೆ.

ಪುತ್ತೂರಿನ ಮಾಣಿ:
ಬದನೆಕಾಯಿ ತಿನ್ನಲು ವೀಸಾ ಮಾಡಿಸಿಕೊಂಡು ಹೋಗಬೇಕಾ? ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು.

ಮ್ಯಾಂಚೆಸ್ಟರ್ ಮಂಡ್ಯ:
ಮೀನು ಕರಿದ ಎಣ್ಣೆಯಲ್ಲೇ ಬದನೆಕಾಯಿನೂ ಕರಿಯುತ್ತಾರೆ. ಅದೂ ಹೇಳಿ ರಾಯರೇ.

ಉಳಿತಾಯ ರಾಯರು:
ಎಲ್ಲ ಕಡೆ ಹಾಗಿಲ್ಲ. ನೀವು ಅಡುಗೆಮನೆಗೆ ಹೋಗಿ ನೋಡಿದ್ರಾ?

ಮ್ಯಾಂಚೆಸ್ಟರ್ ಮಂಡ್ಯ:
ಕೇಳಿದೆ. ಕರೆದುಕೊಂಡು ಹೋಗಿ ತೋರಿಸಿದರು.