ಕ್ಯಾರವಾನ್ ಎಳೆಯಲು ಯಾವ ಕನ್ನಡಿ? ಕೂರಿಸುವುದು ಹೇಗೆ?

ಪ್ರಶ್ನೆ (ರೆಡಿಂಗ್‌ನಿಂದ):
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರನ್ನು ಕಾರ್ನ್‌ವಾಲ್‌ಗೆ ಕರೆದುಕೊಂಡು ಹೋಗೋಣ ಅಂತ ಹಳೇ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ) ಒಂದನ್ನು ಕೊಂಡಿದ್ದೇವೆ. ಅದರ ಅಗಲ 2.23 ಮೀಟರ್, ಕಾರು ಸ್ಕೋಡಾ ಆಕ್ಟೇವಿಯಾ ಎಸ್ಟೇಟ್. ಕಾರಿನ ಕನ್ನಡಿ ನೋಡಿದರೆ ಕ್ಯಾರವಾನಿನ ಮುಂಭಾಗ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಅಂಗಡಿಯಲ್ಲಿ ಸಪಾಟು ಗಾಜಿನದು, ಉಬ್ಬು ಗಾಜಿನದು, ಕ್ಲಾಂಪಿನದು, ಪಟ್ಟಿಯದು ಅಂತ ಹತ್ತಾರು ತರಹ ಇಟ್ಟಿದ್ದಾರೆ. ಕ್ಯಾರವಾನ್ ಮಾರಿದವರು "ನಿಧಾನವಾಗಿ ಹೋದರೆ ಕನ್ನಡಿ ಇಲ್ಲದಿದ್ದರೂ ನಡೆಯುತ್ತೆ" ಅಂದರು. ನಿಜವೇ? ಯಾವುದು ತೊಗೊಳ್ಳಲಿ?

ಉತ್ತರ (ಟೋಯಿಂಗ್, ಅಂದರೆ ಕಾರಿನಿಂದ ಗಾಡಿ ಎಳೆಯುವ ತರಬೇತುದಾರ, ಬ್ರಿಸ್ಟಲ್):
ನಮಸ್ಕಾರ ಸರ್. ಮೊದಲು ಆ ಮಾರಿದವರ ಮಾತು ಮರೆತುಬಿಡಿ. ಎಳೆಯುವ ಕಾರಿಗಿಂತ ಕ್ಯಾರವಾನ್ ಅಗಲವಾಗಿದ್ದರೆ ಬ್ರಿಟನ್ನಿನಲ್ಲಿ ಹೆಚ್ಚುವರಿ ಕನ್ನಡಿ ಕಡ್ಡಾಯ. ಸರಿಯಾದ ಕನ್ನಡಿ ಇಲ್ಲದೆ ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ 3 ದಂಡದ ಪಾಯಿಂಟ್. ನಿಧಾನವಾಗಿ ಹೋದರೆ ವಿನಾಯಿತಿ ಅಂತ ಏನೂ ಇಲ್ಲ.

ನಿಮ್ಮ ಕಾರು ಕನ್ನಡಿಗಳನ್ನೂ ಸೇರಿಸಿ ಸುಮಾರು 2 ಮೀಟರ್. ಅಂದರೆ ಕನ್ನಡಿಯ ಹೊರ ಅಂಚಿಗಿಂತ ಕ್ಯಾರವಾನಿನ ಗೋಡೆ ಒಂದೊಂದು ಕಡೆ 11 ಸೆಂ.ಮೀ.ನಷ್ಟು ಆಚೆಗಿದೆ. ನಿಮಗೆ ಬರೀ ಗೋಡೆ ಕಾಣುವುದು ಅದಕ್ಕೇ. ಚಾಲಕನ ಕಣ್ಣಿನಿಂದ 20 ಮೀಟರ್ ಹಿಂದೆ, ಕ್ಯಾರವಾನಿನ ಪಕ್ಕದಿಂದ ಹೊರಗೆ 4 ಮೀಟರ್ ಅಗಲದ ಜಾಗ ಎರಡೂ ಕಡೆ ಕಾಣಬೇಕು ಅನ್ನುವುದು ನಿಯಮ. ಕೊಳ್ಳುವಾಗಲೂ ಕೂರಿಸುವಾಗಲೂ ಈ ಅಳತೆ ತಲೆಯಲ್ಲಿರಲಿ. ಕನ್ನಡಿ ಕ್ಯಾರವಾನಿನ ಅಂಚಿನಿಂದ 250 ಮಿ.ಮೀ.ಗಿಂತ ಹೊರಗೆ ಚಾಚಬಾರದು. ಅದರ ಮೇಲೆ ಇ-ಗುರುತು, ಅಂದರೆ ಇ ಅಕ್ಷರ ಮತ್ತು ಪಕ್ಕದಲ್ಲೊಂದು ಸಂಖ್ಯೆ, ಇರಲೇಬೇಕು. ಗುರುತಿಲ್ಲದ ಅಗ್ಗದ ಮಾಲು ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಇನ್ನು ಗಾಜಿನ ವಿಷಯ. ಸಪಾಟು ಗಾಜಿನಲ್ಲಿ ಹಿಂದಿನ ಕಾರು ಇದ್ದಷ್ಟೇ ದೂರದಲ್ಲಿ ಕಾಣುತ್ತದೆ, ಆದರೆ ಕಾಣುವ ಅಗಲ ಕಡಿಮೆ. ಉಬ್ಬು ಗಾಜಿನಲ್ಲಿ ಅಗಲ ಹೆಚ್ಚು, ಆದರೆ ಹತ್ತಿರದ ಕಾರೂ ದೂರದಲ್ಲಿದೆ ಅನ್ನಿಸುತ್ತದೆ. ಕೂತು ಲೆಕ್ಕ ಹಾಕಿ ನೋಡಿ. ಕಣ್ಣಿನಿಂದ ಬಲಗನ್ನಡಿ ಒಂದು ಮೀಟರ್ ಆಸುಪಾಸು, ಎಡಗನ್ನಡಿ ಒಂದೂವರೆ ಮೀಟರಿಗೂ ದೂರ. 20 ಸೆಂ.ಮೀ. ಅಗಲದ ಸಪಾಟು ಗಾಜು 20 ಮೀಟರ್ ಹಿಂದೆ ಬಲಗಡೆ 4 ಮೀಟರ್ ಮುಟ್ಟಿದರೂ ಎಡಗಡೆ 3 ಮೀಟರ್ ಕೂಡ ತೋರಿಸಲಾರದು. ಹಾಗಾಗಿ ಎಡಕ್ಕೆ ಉಬ್ಬು ಗಾಜೇ ಸರಿ. ಸೈಕಲ್‌ನವರು ಬರುವುದೂ ಆ ಕಡೆಯಿಂದಲೇ. ಬಲಕ್ಕೆ ಸಪಾಟು ಹಾಕಬಹುದು, ಲೇನ್ ಬದಲಿಸುವಾಗ ದೂರದ ಅಂದಾಜು ಚೆನ್ನಾಗಿ ಸಿಗುತ್ತದೆ. ಆದರೆ ಕೆಳಗೆ ಹೇಳುವ ಅಳತೆಯ ಪರೀಕ್ಷೆಯಲ್ಲಿ ಅದು ಪಾಸಾಗಬೇಕು. ಇಲ್ಲವಾದರೆ ಎರಡೂ ಕಡೆ ಉಬ್ಬು ಗಾಜೇ ಇರಲಿ.

ಬಹಳ ಜನ ಗಾಜು ದೊಡ್ಡದಿದೆಯೇ ಅಂತ ನೋಡಿ ಕೊಳ್ಳುತ್ತಾರೆ. ನಾನು ನೋಡುವುದು ಅದು ಅಲುಗಾಡುತ್ತದೆಯೇ ಅಂತ. 60 ಮೈಲಿ ವೇಗದಲ್ಲಿ ನಡುಗುವ ಕನ್ನಡಿಯಲ್ಲಿ ಬರುತ್ತಿರುವುದು ಲಾರಿಯೋ ವ್ಯಾನೋ ಅಂತಲೇ ಗೊತ್ತಾಗುವುದಿಲ್ಲ. ರಬ್ಬರ್ ಪ್ಯಾಡ್ ಇರುವ, ಕಾರಿನ ಕನ್ನಡಿಯ ಕವಚವನ್ನು ಮೇಲೆ ಕೆಳಗೆ ಎರಡೂ ಕಡೆ ಸ್ಕ್ರೂ ಬಿಗಿಸಿ ಹಿಡಿಯುವ ಕ್ಲಾಂಪ್ ತೊಗೊಳ್ಳಿ. ತೋಳು ಗಿಡ್ಡವಾದಷ್ಟೂ ನಡುಕ ಕಡಿಮೆ. ಪಟ್ಟಿ ಕಟ್ಟುವಂಥದ್ದು ಮಳೆಯಲ್ಲಿ ಸಡಿಲವಾಗುತ್ತದೆ, ನಾನು ಯಾರಿಗೂ ಹೇಳುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯವರ ಮುಂದೆಯೇ ನಿಮ್ಮ ಕಾರಿಗೆ ಹಾಕಿ ನೋಡಿ. ಈಗಿನ ಕಾರುಗಳ ಕವಚ ಇಳಿಜಾರಾಗಿರುತ್ತದೆ, ಎಲ್ಲ ಕ್ಲಾಂಪೂ ಕಚ್ಚುವುದಿಲ್ಲ.

ಕೂರಿಸುವಾಗ ಕವಚವನ್ನೂ ರಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನಡುವೆ ಒಂದು ಹರಳು ಮಣ್ಣು ಉಳಿದರೂ ದಾರಿಯುದ್ದಕ್ಕೂ ಉಜ್ಜಿ ಬಣ್ಣ ತೆಗೆಯುತ್ತದೆ. ಕ್ಯಾರವಾನನ್ನು ಹಿಚ್‌ಗೆ (ಕಾರಿನ ಹಿಂದಿನ ಕೊಂಡಿಗೆ) ಸಿಕ್ಕಿಸಿ, ಸಮತಟ್ಟಾದ ಜಾಗದಲ್ಲಿ ಕಾರೂ ಅದೂ ನೇರ ಸಾಲಿನಲ್ಲಿ ಬರುವಂತೆ ನಿಲ್ಲಿಸಿ. ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕೂತು, ಕಾರಿನ ಸ್ವಂತ ಕನ್ನಡಿಯನ್ನು ಮೊದಲು ಸರಿಮಾಡಿಕೊಳ್ಳಿ. ಆಮೇಲೆ ಕ್ಲಾಂಪ್. ಎರಡು ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿಸಿ, ಕವಚ ಬಿರುಕು ಬಿಡುವಷ್ಟು ಬೇಡ. ಈಗ ಮನೆಯವರಲ್ಲಿ ಒಬ್ಬರು ಟೇಪು ಹಿಡಿದು, ನಿಮ್ಮ ಸೀಟಿನಿಂದ 20 ಮೀಟರ್ ಹಿಂದೆ, ಕ್ಯಾರವಾನಿನ ಗೋಡೆಯ ನೇರಕ್ಕೆ ನಿಲ್ಲಲಿ. ಅಲ್ಲಿಂದ 4 ಮೀಟರ್ ಹೊರಕ್ಕೆ ನಡೆಯುತ್ತಾ ಹೋಗಲಿ. ಅಷ್ಟು ದೂರವೂ ಅವರು ಕಾಲಿನಿಂದ ತಲೆಯವರೆಗೆ ಕಾಣುತ್ತಿರಬೇಕು. ಗಾಜಿನ ಒಳ ಅಂಚಿನಲ್ಲಿ ಕ್ಯಾರವಾನಿನ ಗೋಡೆ ಒಂದು ಸಣ್ಣ ಪಟ್ಟಿಯಷ್ಟು ಕಂಡರೆ ಸಾಕು. ಗೋಡೆ ಪೂರ್ತಿ ಕಾಣಬೇಕು ಅಂತ ತಿರುಗಿಸಿದರೆ ರಸ್ತೆ ಹೋಗಿಬಿಡುತ್ತದೆ.

ಹೊರಟ ಮೇಲೆ ಮೊದಲ ಸರ್ವಿಸ್ ಸ್ಟೇಷನ್ನಿನಲ್ಲಿ ಇಳಿದು ಸ್ಕ್ರೂ ಮತ್ತೊಮ್ಮೆ ನೋಡಿ. ರಬ್ಬರ್ ಒತ್ತಿಕೊಂಡು ಕೂತ ಮೇಲೆ ಅದು ಒಂದಿಷ್ಟು ಸಡಿಲವಾಗಿಯೇ ಇರುತ್ತದೆ.

ಪ್ರಶ್ನೆ (ಲೀಡ್ಸ್‌ನಿಂದ):
ಸರ್, ನಮ್ಮ ಕಾರು ಲಾಕ್ ಮಾಡಿದ ಕೂಡಲೇ ಕನ್ನಡಿ ತಾನೇ ಮಡಚಿಕೊಳ್ಳುತ್ತದೆ. ಅದರ ಮೇಲೆ ಈ ಹೆಚ್ಚುವರಿ ಕನ್ನಡಿಯನ್ನೂ ಹಾಕಿದರೆ ಏನಾಗುತ್ತದೆ? ಬ್ಲೈಂಡ್ ಸ್ಪಾಟ್ ದೀಪ (ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ಗಾಡಿ ಬಂದರೆ ಎಚ್ಚರಿಸುವುದು) ಇರುವುದರಿಂದ ಹೆಚ್ಚುವರಿ ಕನ್ನಡಿಯೇ ಬೇಡ ಅನ್ನುತ್ತಾರೆ ನಮ್ಮ ಮನೆಯವರು.

ಉತ್ತರ:
ಮೇಡಂ, ತಾನೇ ಮಡಚುವುದನ್ನು ಕಾರಿನ ಸೆಟ್ಟಿಂಗ್‌ನಲ್ಲಿ ಮೊದಲೇ ಆಫ್ ಮಾಡಿ. ಹೆಚ್ಚುವರಿ ಭಾರ ಹೊತ್ತು ಮಡಚಲು ಹೋದರೆ ಒಳಗಿನ ಮೋಟರಿಗೆ ಪೆಟ್ಟು, ಕ್ಲಾಂಪ್ ಕಿಟಕಿಗೆ ಬಡಿದರೂ ಬಡಿಯಿತು. ಕ್ಲಾಂಪ್ ಕೂರಿಸುವಾಗ ಇಂಡಿಕೇಟರ್ ಮುಚ್ಚದಂತೆ ನೋಡಿಕೊಳ್ಳಿ. ಬ್ಲೈಂಡ್ ಸ್ಪಾಟ್ ಸಾಧನ ನಂಬಿ ಹೊರಡಬೇಡಿ. ಅದರ ರೇಡಾರ್ ಕಾರಿನ ಹಿಂದಿನ ಬಂಪರಿನಲ್ಲಿರುತ್ತದೆ. ಹಿಂದೆ ಕ್ಯಾರವಾನ್ ನಿಂತರೆ ಅದಕ್ಕೆ ದಾರಿ ಕಟ್ಟಿದಂತೆ. ಹಲವು ಕಾರುಗಳಲ್ಲಿ ಕ್ಯಾರವಾನಿನ ಪ್ಲಗ್ ಚುಚ್ಚಿದೊಡನೆ ಅದು ತಾನೇ ಆಫ್ ಆಗುತ್ತದೆ. ಮನೆಯವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ (ರೆಡಿಂಗ್‌ನಿಂದ, ಮತ್ತೆ):
ತುಂಬಾ ಉಪಕಾರವಾಯಿತು ಸರ್. ಎಂ4, ಎಂ5 ಮೋಟರ್‌ವೇ ಹಿಡಿದು ಎಕ್ಸೆಟರ್, ಅಲ್ಲಿಂದ ಎ30 ರಸ್ತೆಯಲ್ಲಿ ಹೋಗುವ ಯೋಚನೆ. ಕಾರ್ನ್‌ವಾಲ್‌ನ ಕಿರುದಾರಿಗಳಲ್ಲಿ ಈ ಕನ್ನಡಿ ಬೇಲಿಗೆ ತಾಗುವುದಿಲ್ಲವೇ? ತಲುಪಿದ ಮೇಲೆ ಹಾಗೇ ಬಿಡಬಹುದೇ?

ಉತ್ತರ:
ತಾಗಬಹುದು. ಎದುರಿನ ಕಾರಿನ ಕನ್ನಡಿಗೂ ತಾಗಬಹುದು. ಗಾಜು ಬದಲಿಸಲು ಬರುವಂಥ ಮಾದರಿ ಕೊಂಡು, ಒಂದು ಗಾಜು ಹೆಚ್ಚಿಗೆ ಇಟ್ಟುಕೊಳ್ಳಿ. ಅಗಲವಾದ ಜಾಗ ಕಂಡ ಕಡೆ ನಿಂತು ಎದುರಿನವರಿಗೆ ದಾರಿ ಕೊಡಿ.

ಮೋಟರ್‌ವೇಯಲ್ಲಿ ನಿಮಗೆ ಮಿತಿ 60 ಮೈಲಿ, ಮೂರು ಲೇನ್ ಇರುವ ಕಡೆ ಬಲತುದಿಯ ಲೇನಿಗೆ ಹೋಗುವಂತಿಲ್ಲ. ಡಿವೈಡರ್ ಇಲ್ಲದ ರಸ್ತೆಯಲ್ಲಿ 50. ಹಿಂದಿನಿಂದ ಲಾರಿ ಬರುತ್ತಿರುವುದು ಕನ್ನಡಿಯಲ್ಲಿ ಕಂಡಾಗಲೇ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದಿರಿ. ಅದು ದಾಟುವಾಗ ಗಾಳಿ ಕ್ಯಾರವಾನನ್ನು ಒಮ್ಮೆ ತಳ್ಳಿ ಒಮ್ಮೆ ಎಳೆಯುತ್ತದೆ. ಕ್ಯಾರವಾನ್ ಹಾವಿನಂತೆ ಓಲಾಡತೊಡಗಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿಯಿರಿ. ನಡುನಡುವೆ ಕನ್ನಡಿಯಲ್ಲಿ ಕ್ಯಾರವಾನಿನ ಚಕ್ರದ ಕಡೆಗೂ ಕಣ್ಣು ಹಾಯಿಸಿ. ಅದರ ಟೈರಿನಿಂದ ಹೊಗೆ ಬಂದರೂ ಕಾರಿನಲ್ಲಿ ಕೂತವರಿಗೆ ಗೊತ್ತಾಗಲಿಕ್ಕಿಲ್ಲ.

ತಲುಪಿ ಕ್ಯಾರವಾನ್ ಬಿಚ್ಚಿದ ಮೇಲೆ ಕನ್ನಡಿಗಳನ್ನೂ ಬಿಚ್ಚಿಡಿ. ಬರೀ ಕಾರು ಓಡಿಸುವಾಗ ಅವು ಬಲು ಹೊರಗೆ ಚಾಚಿರುತ್ತವೆ, ಹಾಗೆ ಓಡಿಸಬಾರದು. ಯಾವುದು ಎಡ, ಯಾವುದು ಬಲ ಅಂತ ಟೇಪಿನ ಮೇಲೆ ಬರೆದು ಅಂಟಿಸಿ, ಬಟ್ಟೆ ಸುತ್ತಿ ಒಳಗಿಡಿ. ವಾಪಸ್ ಹೊರಡುವಾಗ 4 ಮೀಟರಿನ ಪರೀಕ್ಷೆ ಮತ್ತೆ ಮಾಡಿಯೇ ಹೊರಡಿ.