ಹಳೇ ಡೀಸೆಲ್ ಗಾಡಿಗೆ ಟ್ಯೂನಿಂಗ್ ಬಾಕ್ಸ್, ಕೋನ್ ಫಿಲ್ಟರ್ ಹಾಕಿದ್ರೆ ಲಾಭ ಐತಾ?

ಪ್ರಶ್ನೆ (ರಾಯಚೂರಿಂದ):
ನಮಸ್ಕಾರ ರೀ ಅಣ್ಣಾರ. ನನ್ನತ್ರ 2016ರ ಸ್ವಿಫ್ಟ್ ಡೀಸೆಲ್ ಅದ, ಲಕ್ಷ ಕಿಲೋಮೀಟರ್ ದಾಟ್ಯಾದ, ದಿನಾ ಶಕ್ತಿನಗರಕ್ಕ ಡ್ಯೂಟಿಗಿ ಹೋಗಿ ಬರ್ತೀನಿ, ಆಗಾಗ ಲಿಂಗಸೂಗೂರ ಕಡಿ ಊರಿಗಿ. ಇತ್ತಿತ್ಲಾಗ ಪಿಕಪ್ ಭಾಳ ಡಲ್ ಆಗ್ಯಾದ, ಲಾರಿ ಓವರ್‌ಟೇಕ್ ಮಾಡ್ಬೇಕಂದ್ರ ಮೂರನೇ ಗೇರಿಗಿ ಹಾಕಿ ಒತ್ತಿದ್ರೂ ಎಳಿಯಂಗಿಲ್ಲ. ನಮ್ ದೋಸ್ತ ಒಬ್ಬ ಹೇಳ್ಲಿಕತ್ತಾನ, ಆನ್‌ಲೈನ್‌ನಾಗ ಟ್ಯೂನಿಂಗ್ ಬಾಕ್ಸ್ ಬರ್ತಾವ ಮನ್ಯಾಗೇ ಹಾಕ್ಕೋಬಹುದು, ಜೋಡಿ ಕೋನ್ ಫಿಲ್ಟರ್ (ಕಂಪನಿ ಡಬ್ಬಿ ಬದ್ಲಿಗಿ ಹಾಕೋ ತೆರೆದ ಏರ್ ಫಿಲ್ಟರ್) ಹಾಕು, ಇಜಿಆರ್ (ಹೊಗಿ ಒಂದಿಷ್ಟು ತಿರುಗಿ ಇಂಜಿನ್ನಿಗೇ ಕಳ್ಸೋ ವಾಲ್ವ್) ಬಂದ್ ಮಾಡು, ಹಳೇ ಡೀಸೆಲ್ ಬ್ರೆಝಾದಾಗ ಇದ್ದದ್ದೂ ಇದೇ ಇಂಜಿನ್ನು ಅದು 90 ಪಿಎಸ್ (ಹಾರ್ಸ್‌ಪವರ್ ಇದ್ದಂಗ ಪವರಿನ ಅಳತಿ) ಕೊಡ್ತಿತ್ತು ನಿಂದು 75, ಕಂಪನಿಯವ್ರು ಬೇಕಂತ ಕಡಿಮಿ ಇಟ್ಟಾರ ಅಂತ. ಎಲ್ಲಾ ಸೇರಿ 30 ಸಾವಿರದಾಗ ಆಗ್ತದಂತ. ಮಾಡ್ಲ್ಯಾ ಬ್ಯಾಡಾ?

ಉತ್ತರ (ಮೆಕ್ಯಾನಿಕ್, ಬಳ್ಳಾರಿ):
ತಮ್ಮಾ, ಸದ್ಯ ಬೇಡ. ನೀನೇ ಬರ್ದಿದೀಯ ಇತ್ತಿತ್ಲಾಗ ಡಲ್ ಆಗೈತೆ ಅಂತ, ಅಂದ್ರೆ ಮುಂಚೆ ಎಳೀತಿತ್ತು. ಎಳೀತಿದ್ದ ಗಾಡಿ ಎಳೀವಲ್ದು ಅಂದ್ರೆ ಎಲ್ಲೋ ಏನೋ ಕೆಟ್ಟೈತೆ, ಅದನ್ನ ಹುಡುಕ್ದೆ ಮ್ಯಾಲೆ ಬಾಕ್ಸ್ ಹಾಕಿದ್ರೆ ಕೆಟ್ಟಿದ್ದು ಇನ್ನೂ ಬೇಗ ಕೆಡ್ತೈತೆ.

ಬ್ರೆಝಾ ಮಾತು ಎಲ್ರೂ ಆಡ್ತಾರೆ. ಇಂಜಿನ್ ಮೂಲ ಒಂದೇ, ಫಿಯಟ್ಟಿಂದ ಬಂದ 1248 ಸಿಸಿ, ಅದು ನಿಜ. ಆದ್ರೆ ಟರ್ಬೊ, ಅಂದ್ರೆ ಹೊಗೆ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಮಾನು, ಅದು ಬೇರೆ. 90 ಪಿಎಸ್ ಇರೋದ್ರಲ್ಲಿ ವೇರಿಯಬಲ್ ಟರ್ಬೊ ಐತೆ, ಒಳಗಿನ ರೆಕ್ಕೆ ತಿರುಗಿ ಇಂಜಿನ್ ಸ್ಪೀಡಿಗೆ ತಕ್ಕಂಗೆ ಹೊಗೆ ಹಾಯೋ ದಾರಿ ಹಿಗ್ಗಿಸ್ತಾವೆ ಕುಗ್ಗಿಸ್ತಾವೆ. ನಿಂದು ಫಿಕ್ಸ್ ಟರ್ಬೊ. ಕಂಪನಿಯವ್ರು ಮುಚ್ಚಿಟ್ಟ 15 ಪಿಎಸ್ ನಿನ್ ಗಾಡೀಲಿ ಇಲ್ಲ, ಆ ಸಾಮಾನೇ ಅದಕ್ಕೆ ಹಾಕಿಲ್ಲ.

ಬಾಕ್ಸ್ ಏನು ಮಾಡ್ತೈತೆ ಕೇಳು. ಡೀಸೆಲ್ ರೈಲ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚೋ ಪೈಪು) ಪ್ರೆಶರ್ ಸೆನ್ಸರ್ ಐತಲ್ಲ, ಅದರ ವೈರಿನ ನಡುವೆ ಕೂತ್ಕಂಡು ಪ್ರೆಶರ್ ಕಡಿಮೆ ಐತೆ ಅಂತ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರಿಗೆ) ಸುಳ್ಳು ಹೇಳ್ತೈತೆ, ಇಸಿಯು ಅದನ್ನ ನಂಬಿ ಪ್ರೆಶರ್ ಏರಿಸ್ತೈತೆ, ಡೀಸೆಲ್ ಜಾಸ್ತಿ ಬೀಳ್ತೈತೆ. ಪಿಕಪ್ ಬರ್ತೈತೆ, ಬರಲ್ಲ ಅಂತ ನಾನು ಹೇಳಲ್ಲ. ಟೈರಲ್ಲಿ ಗಾಳಿ 2 ಬಾರ್ ಆಸುಪಾಸು ಇರ್ತೈತೆ, ಆ ರೈಲಲ್ಲಿ ಸಾವಿರದ ಮ್ಯಾಲೆ ಬಾರ್ ಓಡ್ತೈತೆ, ಲಕ್ಷ ದಾಟಿದ ಇಂಜೆಕ್ಟರು ಪಂಪು ಅದಕ್ಕಿಂತ ಜಾಸ್ತಿ ತಡ್ಕಂಬೇಕು, ಹೊಗೆಯ ಬಿಸಿ ಏರಿ ಟರ್ಬೊ ಕಾಯ್ತೈತೆ, ಕ್ಲಚ್ ಪ್ಲೇಟ್ ಹಳೇದಿದ್ರೆ ಸ್ಲಿಪ್ ಹೊಡ್ಯಾಕೆ ಶುರು ಆಗ್ತೈತೆ. ಮಾಡಿಸ್ಲೇಬೇಕಂದ್ರೆ ಗಾಡಿ ಪೂರ್ತಿ ಸರಿ ಮಾಡ್ಸಿದ ಮ್ಯಾಲೆ, ತಿಳಿದೋರ ಹತ್ರ ಇಸಿಯು ರೀಮ್ಯಾಪ್ (ಅದರೊಳಗಿನ ಪ್ರೋಗ್ರಾಂ ಬದಲಿ) ಮಾಡ್ಸೋದು ಬೇರೆ ವಿಚಾರ, ಅದು ಮನೇಲಿ ಕೂತು ಮಾಡೋ ಕೆಲಸ ಅಲ್ಲ.

ಕೋನ್ ಫಿಲ್ಟರ್ ಮಾತ್ರ ಕೈ ಮುಗಿದು ಹೇಳ್ತೀನಿ ಹಾಕ್ಬೇಡ. ನಿಮ್ ಶಕ್ತಿನಗರದ ಬೂದಿ ಲಾರಿ, ಗಿಣಿಗೇರಿ ಕಡೆ ಫ್ಯಾಕ್ಟ್ರಿ ಧೂಳು, ನಮ್ ಸಂಡೂರು ತೋರಣಗಲ್ ರೋಡಿನ ಅದಿರು ಧೂಳು, ಈ ಮೂರು ಜಿಲ್ಲೇಲಿ ಇಂಜಿನ್ ಆಯಸ್ಸು ಏರ್ ಫಿಲ್ಟರ್ ಮ್ಯಾಲೇ ನಿಂತೈತೆ. ಗಾಳಿ ಸಲೀಸಾಗಿ ಹೋಗೋ ಫಿಲ್ಟರಲ್ಲಿ ಸಣ್ಣ ಧೂಳೂ ಸಲೀಸಾಗಿ ಹೋಗ್ತೈತೆ, ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗು ಎರಡನ್ನೂ ಸಾಣೆ ಹಿಡ್ದಂಗೆ ಸವೆಸ್ತೈತೆ. ಎಣ್ಣೆ ಸವರೋ ಕಾಟನ್ ಫಿಲ್ಟರ್ ಆದ್ರೆ ಆ ಎಣ್ಣೆ ಗಾಳಿ ಅಳೆಯೋ ಸೆನ್ಸರಿಗೂ ಅಂಟ್ಕಂತೈತೆ.

ಇಜಿಆರ್ ಬಂದ್ ಮಾಡ್ಬೇಡ, ಬಿಚ್ಚಿಸಿ ಕ್ಲೀನ್ ಮಾಡ್ಸು. ಬಂದ್ ಮಾಡಿದ್ರೆ ಒಳಗೆ ಉರಿ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಹೊಗೆ ಜಾಸ್ತಿ, ಮೀಟರಲ್ಲಿ ಇಂಜಿನ್ ಲೈಟ್ ಬೇರೆ ಹತ್ಕಂತೈತೆ.

ಮೊದ್ಲು ಬಾನೆಟ್ ಎತ್ತಿ ಟರ್ಬೊ ಕಡೆಯಿಂದ ಇಂಜಿನ್ನಿಗೆ ಹೋಗೋ ರಬ್ಬರ್ ಹೋಸ್ ನೋಡು. ಎಲ್ಲಾದ್ರೂ ಸೀಳು, ಕ್ಲಾಂಪ್ ಹತ್ರ ಎಣ್ಣೆ ಜಿನುಗು ಇದ್ಯಾ, ಒತ್ತಿದಾಗ ಸುಯ್ ಅಂತ ಸದ್ದು ಬಂದು ಹಿಂದೆ ಕರಿ ಹೊಗೆ ಬರ್ತೈತಾ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿಸಿದ್ದು? ಬ್ರೇಕ್ ಹಿಡ್ಕಂಡು ಚಕ್ರ ಕಾಯ್ತಾವಾ ಅಂತನೂ ಮುಟ್ಟಿ ನೋಡು, ಹುಷಾರಾಗಿ.

ಇನ್ನೊಬ್ರು (ಗಂಗಾವತಿಯಿಂದ):
ಅಣ್ಣಾ ನಂದು 1.2 ಪೆಟ್ರೋಲ್ ಗಾಡಿ, ಬ್ಯಾಸಗಿಯೊಳಗ ಎಸಿ ಹಾಕಿದ್ರ ಸತ್ತಂಗಾಗ್ತೈತಿ. ಕೋನ್ ಫಿಲ್ಟರ್ ಪೆಟ್ರೋಲಿಗರ ನಡೀತೈತೇನು? ದುಬಾರಿ ಪೆಟ್ರೋಲ್ ಹಾಕಿದ್ರ? ಲೈಟರ್ ಸಾಕೆಟ್ಟಿಗೆ ಹಾಕೋ ಮೈಲೇಜ್ ಚಿಪ್ಪೂ ಬರ್ತೈತಂತಲ್ಲ.

ಉತ್ತರ (ಮೆಕ್ಯಾನಿಕ್, ಬಳ್ಳಾರಿ):
ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಹೊರಗಿನ ಗಾಳಿನ ಹೆಂಗೈತೋ ಹಂಗೇ ಎಳ್ಕಂತೈತೆ. 25 ಡಿಗ್ರಿ ಗಾಳಿಗೂ ನಮ್ ಏಪ್ರಿಲ್ ಮೇ ತಿಂಗಳ 42 ಡಿಗ್ರಿ ಗಾಳಿಗೂ ಸಾಂದ್ರತೇಲಿ ಸುಮಾರು 5 ಪರ್ಸೆಂಟ್ ವ್ಯತ್ಯಾಸ, ಬಿಸಿ ಗಾಳೀಲಿ ಆಕ್ಸಿಜನ್ ಅಷ್ಟು ಕಡಿಮೆ, ಪವರೂ ಹೆಚ್ಚುಕಮ್ಮಿ ಅಷ್ಟೇ ಇಳೀತೈತೆ, ಮ್ಯಾಲೆ ಎಸಿ ಕಂಪ್ರೆಸರ್ ಬೇರೆ. ಕಂಪನಿ ಫಿಲ್ಟರ್ ಡಬ್ಬಿ ಮುಂದಿನ ತಂಪು ಗಾಳಿ ಎಳ್ಕಂತೈತೆ, ಕೋನ್ ಹಾಕಿದ್ರೆ ಬಾನೆಟ್ ಒಳಗಿನ ಬಿಸಿ ಗಾಳಿನೇ ಕುಡೀತೈತೆ. ಸದ್ದು ಜಾಸ್ತಿ ಆಗೋದ್ರಿಂದ ಪವರ್ ಬಂತು ಅನ್ನಿಸ್ತೈತೆ.

ದುಬಾರಿ ಪೆಟ್ರೋಲಲ್ಲಿ ಜಾಸ್ತಿ ಅಂತ ಹೇಳೋ ಆಕ್ಟೇನ್ ಅಂದ್ರೆ ನಾಕಿಂಗ್ (ಪೆಟ್ರೋಲ್ ತಾನೇ ಹೊತ್ಕಂಡು ಇಂಜಿನ್ ಟಕಟಕ ಅನ್ನೋದು) ತಡ್ಕಳೋ ಶಕ್ತಿ ಅಷ್ಟೇ. ನಿಮ್ ಇಂಜಿನ್ ಮಾಮೂಲಿ ಪೆಟ್ರೋಲಿಗೇ ಮಾಡಿದ್ದು, ದುಬಾರಿದು ಹಾಕಿದ್ರೆ ಬಂಕಿನವ್ರಿಗೆ ಲಾಭ. ಲೈಟರ್ ಚಿಪ್ಪು ತಗಂಬೇಡಿ, ಆ ಸಾಕೆಟ್ಟಿಂದ ಕರೆಂಟ್ ಎಳ್ಕಂಬೋದು ಬಿಟ್ರೆ ಇಂಜಿನ್ ಕಂಟ್ರೋಲಿಗೆ ದಾರೀನೇ ಇಲ್ಲ. ಪ್ಲಗ್ಗು, ಥ್ರಾಟಲ್ ಬಾಡಿ ಕ್ಲೀನಿಂಗು, ಟೈರ್ ಗಾಳಿ, ಇಷ್ಟು ನೀವೇ ಮಾಡ್ಕಳಿ, ಕಲಿಯಾಕೂ ಚಲೋ.

ಪ್ರಶ್ನೆ (ರಾಯಚೂರಿಂದ):
ಅಣ್ಣಾರ, ಫ್ರೀ ಫ್ಲೋ ಸೈಲೆನ್ಸರ್ (ಹೊಗಿ ಸಲೀಸ ಹೋಗೋ, ಸದ್ದ ಜಾಸ್ತಿ ಮಾಡೋ ಸೈಲೆನ್ಸರ್) ಕೇಳೋದು ಮರ್ತೆ. ಪೊಲೀಸ್ರು ಹಿಡೀತಾರ? ಮತ್ತ ಹೋಸ್ ನೋಡ್ದೆ, ಕ್ಲಾಂಪ್ ಹತ್ರ ಎಣ್ಣಿ ಅದ ರೀ, ಕೆಳಗಡಿ ಸಣ್ಣದೊಂದು ಸೀಳೂ ಅದ.

ಉತ್ತರ (ಮೆಕ್ಯಾನಿಕ್, ಬಳ್ಳಾರಿ):
ಹಿಡೀತಾರೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಗೋ ಹಂಗೆ ಗಾಡಿ ಮಾರ್ಪಾಡು ಮಾಡಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳೈತೆ. ಅದೇ ವರ್ಷದ ತಿದ್ದುಪಡಿ ಆದ ಮ್ಯಾಲೆ ಒಂದೊಂದು ಮಾರ್ಪಾಡಿಗೂ ಓನರಿಗೆ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವ್ರೂ ಅದನ್ನೇ ಹಿಡ್ಕಂತಾರೆ.

ಹೋಸಿಗೆ ಟೇಪ್ ಸುತ್ತಬೇಡ, ಬೂಸ್ಟಿಗೆ (ಟರ್ಬೊ ಗಾಳಿ ಒತ್ತಡಕ್ಕೆ) ನಿಲ್ಲಲ್ಲ. ಒರಿಜಿನಲ್ ಹೋಸ್, ಹೊಸ ಕ್ಲಾಂಪ್ ತರ್ಸು, ಅದರ ಜೊತೆ ಇಜಿಆರ್ ಕ್ಲೀನ್, ಎರಡೂ ಫಿಲ್ಟರ್ ಬದಲಿ. ಹಾಕಿದ ಮ್ಯಾಲೆ ಮೂರನೇ ಗೇರಲ್ಲಿ ಓಡ್ಸಿ ನೋಡು, ಆಗ್ಲೂ ಎಳೀಲಿಲ್ಲ ಅಂದ್ರೆ ಸ್ಕ್ಯಾನರ್ ಹಾಕ್ಸಿ ಬೂಸ್ಟ್ ಪ್ರೆಶರ್, ರೈಲ್ ಪ್ರೆಶರ್ ರೀಡಿಂಗಿನ ಫೋಟೋ ಇಲ್ಲೇ ಕಳ್ಸು, ನೋಡಿ ಹೇಳ್ತೀನಿ.