ಹಳೆಯ ಕಾರ್ಡ್‌ಲೆಸ್ ಫೋನ್‌ಗಳು: ಯಾವುದು ಯಾವ ಪೀಳಿಗೆಯದು, ಯಾವುದನ್ನು ಮತ್ತೆ ಬಳಸಬಹುದು?

ಹಳೆಗಂಟು (ಪ್ರಶ್ನೆ):

ನನ್ನ ಬಳಿ ಮೂರು ಹಳೆಯ ಕಾರ್ಡ್‌ಲೆಸ್ ಫೋನ್‌ಗಳಿವೆ. ಲೇಬಲ್‌ಗಳು ಸವೆದುಹೋಗಿರುವುದರಿಂದ ಮಾದರಿಯ ಸಂಖ್ಯೆಯನ್ನು ಓದಲಾಗುತ್ತಿಲ್ಲ. ಅಡಾಪ್ಟರುಗಳು ಒಂದೇ ಚೀಲದಲ್ಲಿ ಬೆರೆತಿರುವುದರಿಂದ ಯಾವುದು ಯಾವುದಕ್ಕೆ ಸೇರಿದ್ದೆಂದೂ ತಿಳಿಯುತ್ತಿಲ್ಲ. ಮೊದಲನೆಯದರ ಬೇಸ್ ಮತ್ತು ಹ್ಯಾಂಡ್‌ಸೆಟ್ ಎರಡಕ್ಕೂ ಎಳೆದು ಉದ್ದ ಮಾಡುವ ಲೋಹದ ಆಂಟೆನಾ ಇದೆ. ಎರಡನೆಯದಕ್ಕೆ ರಬ್ಬರು ಹೊದಿಸಿದ, ಬೆರಳುದ್ದದ ಗಿಡ್ಡ ಆಂಟೆನಾ. ಮೂರನೆಯದಕ್ಕೆ ಆಂಟೆನಾ ಕಾಣಿಸುವುದೇ ಇಲ್ಲ. ಅದರಲ್ಲಿ ಪುಟ್ಟ ಪರದೆ, ಹಿಂಬದಿಯಲ್ಲಿ ಎರಡು ಎಎಎ ಸೆಲ್‌ಗಳು, ಬೇಸ್‌ನ ಅಡಿಯಲ್ಲಿ ‘ಜಿಎಪಿ’ ಎಂಬ ಅಕ್ಷರಗಳಿವೆ. ಇವು ಯಾವ ಆವರ್ತನದಲ್ಲಿ ಕೆಲಸ ಮಾಡುತ್ತವೆ, ಒಂದರ ಹ್ಯಾಂಡ್‌ಸೆಟ್ಟನ್ನು ಇನ್ನೊಂದರ ಬೇಸ್‌ಗೆ ಜೋಡಿಸಬಹುದೇ, ಫೈಬರ್ ರೂಟರಿನ ಫೋನ್ ಪೋರ್ಟಿಗೆ ಸಿಕ್ಕಿಸಿದರೆ ನಡೆಯುತ್ತವೆಯೇ? ಯಾವುದೂ ಆಗದಿದ್ದರೆ ಬಿಡಿಭಾಗಗಳಾದರೂ ಉಪಯೋಗಕ್ಕೆ ಬಂದಾವೇ?

ಅಲೆಮಾಪಕ:

ಲೇಬಲ್ ಇಲ್ಲದಿದ್ದರೂ ಆಂಟೆನಾ ನೋಡಿ ಬಹಳಷ್ಟನ್ನು ಊಹಿಸಬಹುದು. ಆವರ್ತನ ಹೆಚ್ಚಿದಷ್ಟೂ ತರಂಗಾಂತರ ಕಿರಿದಾಗುತ್ತದೆ, ಆಂಟೆನಾ ಸಾಮಾನ್ಯವಾಗಿ ಅದರ ಕಾಲುಭಾಗದಷ್ಟು ಇರಬೇಕಾಗುತ್ತದೆ. 49 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗಾಂತರವೆಂದರೆ ಸುಮಾರು ಒಂದೂವರೆ ಮೀಟರ್. ಅಷ್ಟುದ್ದದ ಕಡ್ಡಿಯನ್ನು ಕೈಯಲ್ಲಿ ಹಿಡಿಯಲಾಗದು; ಹಾಗಾಗಿ ಬುಡದಲ್ಲಿ ಸುರುಳಿಯೊಂದನ್ನು ಸೇರಿಸಿ, ಎಳೆಯಬಹುದಾದ ಚಿಕ್ಕ ಆಂಟೆನಾದಲ್ಲೇ ಕೆಲಸ ಸಾಗಿಸುತ್ತಿದ್ದರು. ನಿಮ್ಮ ಮೊದಲನೆಯ ಸೆಟ್ ಬಹುಮಟ್ಟಿಗೆ ಈ ಪೀಳಿಗೆಯದು: ಬೇಸ್ 46 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಹ್ಯಾಂಡ್‌ಸೆಟ್ 49ರ ಆಸುಪಾಸಿನಲ್ಲಿ ಪ್ರಸಾರ ಮಾಡುತ್ತದೆ. ಎರಡು ಬೇರೆ ಆವರ್ತನಗಳಿರುವುದರಿಂದಲೇ ಇಬ್ಬರೂ ಏಕಕಾಲದಲ್ಲಿ ಮಾತನಾಡಲು ಸಾಧ್ಯವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಮೊದಲು 10 ಚಾನೆಲ್‌ಗಳಿದ್ದವು, 1995ರಲ್ಲಿ ಅವನ್ನು 25ಕ್ಕೆ ಏರಿಸಲಾಯಿತು.

ಗಿಡ್ಡ ಆಂಟೆನಾದ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾಗದು. 900 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗಾಂತರ ಎಂಟು ಸೆಂಟಿಮೀಟರ್ ಇರುತ್ತದೆ, ಆದರೆ 2.4 ಗಿಗಾಹರ್ಟ್ಸ್ ಸೆಟ್‌ಗಳಿಗೂ ಅಂಥದ್ದೇ ಗಿಡ್ಡ ಕೋಡು ಇರಿಸಿದ್ದುಂಟು. ಆ ಕಾಲದಲ್ಲಿ ಆವರ್ತನವೇ ಮಾರಾಟದ ಆಕರ್ಷಣೆಯಾಗಿದ್ದರಿಂದ ಸಾಮಾನ್ಯವಾಗಿ ಅದನ್ನು ಮುಂಭಾಗದಲ್ಲೇ ದೊಡ್ಡದಾಗಿ ಮುದ್ರಿಸುತ್ತಿದ್ದರು. ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ, ಅಳಿಸಿದ ಅಕ್ಷರಗಳ ಗುರುತು ಕಂಡೀತು. ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ) ಸಂಖ್ಯೆಯ ಕೆಲವು ಅಕ್ಷರಗಳು ಉಳಿದಿದ್ದರೂ ಅದರ ಜಾಡು ಹಿಡಿದು ಆವರ್ತನವನ್ನು ಹುಡುಕಬಹುದು.

ಮೂರನೆಯದು ಡೆಕ್ಟ್ (ಡಿಜಿಟಲ್ ಕಾರ್ಡ್‌ಲೆಸ್ ಫೋನ್‌ಗಳ ಮಾನದಂಡ) ಎನ್ನುವುದರಲ್ಲಿ ಸಂಶಯವಿಲ್ಲ. ಜಿಎಪಿ ಎಂಬುದು ಒಂದು ತಯಾರಕರ ಹ್ಯಾಂಡ್‌ಸೆಟ್ ಇನ್ನೊಬ್ಬರ ಬೇಸ್‌ನೊಡನೆ ಮಾತನಾಡಲೆಂದು ರೂಪಿಸಿದ ಸಾಮಾನ್ಯ ನಿಯಮಾವಳಿ. ಹ್ಯಾಂಡ್‌ಸೆಟ್‌ಗಳನ್ನು ಅದಲುಬದಲು ಮಾಡುವ ಅವಕಾಶ ನಿಮ್ಮ ಮೂರರಲ್ಲಿ ಇದಕ್ಕೆ ಮಾತ್ರ ಇದೆ, ಅದೂ ಇನ್ನೊಂದು ಜಿಎಪಿ ಬೇಸ್‌ನೊಡನೆ. ಬೇಸ್‌ನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್‌ನ ಮೆನುವಿನಲ್ಲಿ ನೋಂದಣಿಯನ್ನು ಆರಿಸಿ, ಪಿನ್ ಕೇಳಿದಾಗ ಮೊದಲು 0000 ಕೊಟ್ಟು ನೋಡಿ. ಕರೆ ಮಾಡುವುದು, ಸ್ವೀಕರಿಸುವುದು ನಡೆಯುತ್ತದೆ; ಫೋನ್‌ಬುಕ್‌ನಂತಹ ಸೌಲಭ್ಯಗಳು ಕೈಕೊಡಬಹುದು. ಯುರೋಪಿನ ಡೆಕ್ಟ್ 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿದ್ದರೆ ಉತ್ತರ ಅಮೆರಿಕದ ‘ಡೆಕ್ಟ್ 6.0’ 1920ರಿಂದ 1930ರಲ್ಲಿದೆ. ಆದ್ದರಿಂದ ಅವೆರಡರ ನಡುವೆ ಜೋಡಣೆ ಸಾಧ್ಯವಿಲ್ಲ, ಒಂದನ್ನು ಇನ್ನೊಂದರ ಪ್ರದೇಶದಲ್ಲಿ ಬಳಸುವುದು ಕಾನೂನಿಗೂ ವಿರುದ್ಧ.

ಬೆಸುಗೆಗಾರ:

ಜೋಡಣೆಯ ಮಾತಿಗೆ ಮೊದಲು ವಿದ್ಯುತ್ತಿನ ಕಡೆ ಗಮನ ಕೊಡಿ, ಏಕೆಂದರೆ ಹಳೆಯ ಫೋನ್‌ಗಳು ಹೆಚ್ಚಾಗಿ ಸಾಯುವುದು ತಪ್ಪು ಅಡಾಪ್ಟರಿನಿಂದ. ಪ್ಲಗ್ ಹೊಂದಿಕೊಂಡಿತೆಂದ ಮಾತ್ರಕ್ಕೆ ಸಿಕ್ಕಿಸಬೇಡಿ. ಅಡಾಪ್ಟರಿನ ಹೊರಹರಿವಿನ ಜಾಗದಲ್ಲಿ ಅಲೆಯಂತಹ ಗೆರೆಯಿದ್ದರೆ ಅದು ಎಸಿ. ನೇರ ಗೆರೆಯ ಕೆಳಗೆ ತುಂಡು ಗೆರೆಯಿದ್ದರೆ ಡಿಸಿ. ಕೆಲವು ಬೇಸ್‌ಗಳು ಎಸಿಯನ್ನೇ ಬೇಡುತ್ತವೆ. ಡಿಸಿ ಬೇಡುವವುಗಳಲ್ಲಿ ನಡುವಿನ ಪಿನ್ ಋಣವಾಗಿರುವುದೂ ಉಂಟು. ಬೇಸ್‌ನ ಅಡಿಯಲ್ಲಿ ಜಾಕಿನ ಪಕ್ಕ ಅಚ್ಚೊತ್ತಿದ ಚಿಹ್ನೆ ಸವೆದಿದ್ದರೆ ಮುಚ್ಚಳ ತೆಗೆದು ನೋಡಿ: ಜಾಕಿನ ಬೆನ್ನಿಗೇ ನಾಲ್ಕು ಡಯೋಡುಗಳ ಸೇತುವೆ ಇದ್ದರೆ ಧ್ರುವದ ಚಿಂತೆ ಕಡಿಮೆ, ಅದಿಲ್ಲದಿದ್ದರೆ ದೊಡ್ಡ ಕೆಪಾಸಿಟರಿನ ಋಣ ಕಾಲು ಜಾಕಿನ ಯಾವ ತುದಿಗೆ ಹೋಗುತ್ತದೆಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸಬೇಕು.

ಬ್ಯಾಟರಿಯ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಹ್ಯಾಂಡ್‌ಸೆಟ್‌ಗಳಲ್ಲಿ ಮೂರು ನಿಕ್ಕಲ್-ಕ್ಯಾಡ್ಮಿಯಂ ಸೆಲ್‌ಗಳನ್ನು ಸೇರಿಸಿದ 3.6 ವೋಲ್ಟಿನ ಕಟ್ಟು ಇರುತ್ತದೆ. ಅದು ಸೋರಿದ್ದರೆ ಸಂಪರ್ಕ ತಗಡುಗಳ ಮೇಲೆ ಬಿಳಿಯ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು ಕಾಣಿಸುತ್ತದೆ. ಸೋರಿದ ದ್ರವ ಕ್ಷಾರವಾದ್ದರಿಂದ ಕೈಗವಸು ಹಾಕಿಕೊಂಡು, ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ. ಬದಲಿಗೆ ಅಷ್ಟೇ ವೋಲ್ಟಿನ ನಿಕ್ಕಲ್-ಮೆಟಲ್ ಹೈಡ್ರೈಡ್ ಕಟ್ಟು ಹಾಕಬಹುದು. ವೋಲ್ಟೇಜು ಹತ್ತಿರವಿದೆಯೆಂದು ಲಿಥಿಯಂ ಸೆಲ್ ಹಾಕುವುದು ಅಪಾಯಕರ: ಈ ಬೇಸ್‌ಗಳು ಬ್ಯಾಟರಿ ತುಂಬಿದ ಮೇಲೂ ಸಣ್ಣ ಕರೆಂಟನ್ನು ಹರಿಸುತ್ತಲೇ ಇರುತ್ತವೆ, ನಿಕ್ಕಲ್ ಸೆಲ್ ಅದನ್ನು ಸಹಿಸುತ್ತದೆ, ಲಿಥಿಯಂ ಸಹಿಸುವುದಿಲ್ಲ. ನಿಮ್ಮ ಡೆಕ್ಟ್ ಸೆಟ್ಟಿಗೂ ರೀಚಾರ್ಜ್ ಆಗದ ಸಾಧಾರಣ ಎಎಎ ಸೆಲ್ ಹಾಕಬೇಡಿ. ತೆಗೆದ ಕ್ಯಾಡ್ಮಿಯಂ ಕಟ್ಟು ವಿಷಕಾರಿ. ಅದನ್ನು ಇ-ತ್ಯಾಜ್ಯಕ್ಕೇ ಕೊಡಬೇಕು.

ತಾಮ್ರತಂತಿ:

ರೂಟರಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಫೋನ್ ಪೋರ್ಟ್ ಹಳೆಯ ಲೈನನ್ನೇ ಅನುಕರಿಸುವುದರಿಂದ ಮೂರೂ ಬೇಸ್‌ಗಳು ತಾತ್ವಿಕವಾಗಿ ನಡೆಯಬೇಕು. ಡಯಲ್ ಟೋನ್ ಬಂದರೂ ಸಂಖ್ಯೆ ಹೋಗುತ್ತಿಲ್ಲವಾದರೆ ‘ಟಿ’ ಮತ್ತು ‘ಪಿ’ ಎಂದು ಗುರುತಿಸಿರುವ ಸಣ್ಣ ಸ್ವಿಚ್ಚನ್ನು ನೋಡಿ. ಹಲವು ರೂಟರುಗಳಿಗೆ ಪಲ್ಸ್ ಡಯಲಿಂಗ್ (ಅಂಕಿಗಳನ್ನು ಮಿಡಿತಗಳಾಗಿ ಕಳುಹಿಸುವ ಹಳೆಯ ವಿಧಾನ) ಅರ್ಥವಾಗುವುದಿಲ್ಲ, ಅದು ಟೋನ್‌ನಲ್ಲೇ ಇರಬೇಕು.

ಮೊದಲನೆಯ ಸೆಟ್ಟಿನ ಹ್ಯಾಂಡ್‌ಸೆಟ್ ಸ್ಪಂದಿಸದಿದ್ದರೆ ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಬ್ಯಾಟರಿ ಪೂರ್ತಿ ಬರಿದಾದಾಗ ಬೇಸ್ ಮತ್ತು ಹ್ಯಾಂಡ್‌ಸೆಟ್ ನಡುವಿನ ಭದ್ರತಾ ಸಂಕೇತ ಅಳಿಸಿಹೋಗಬಹುದು. ಅಂತಹ ಸೆಟ್ಟುಗಳಲ್ಲಿ ಹೊಸ ಬ್ಯಾಟರಿ ಹಾಕಿ ಬೇಸ್‌ನ ತೊಟ್ಟಿಲಿನಲ್ಲಿ ಇಟ್ಟೊಡನೆ ಹೊಸ ಸಂಕೇತ ಹಂಚಿಕೆಯಾಗುತ್ತದೆ. ಆ ಸಂಕೇತವು ಬೇರೆಯವರ ಹ್ಯಾಂಡ್‌ಸೆಟ್ ನಿಮ್ಮ ಲೈನಿಗೆ ನುಗ್ಗದಂತೆ ತಡೆಯುತ್ತದೆಯೇ ಹೊರತು ಮಾತನ್ನು ಮರೆಮಾಡುವುದಿಲ್ಲ. ಅನಲಾಗ್ ಎಫ್‌ಎಂ ಆದ್ದರಿಂದ ಸ್ಕ್ಯಾನರ್ ರೇಡಿಯೋ ಇರುವ ಯಾರಾದರೂ ಕೇಳಿಸಿಕೊಳ್ಳಬಹುದು. ಅದರಲ್ಲಿ ಒಟಿಪಿಯನ್ನೋ ಬ್ಯಾಂಕಿನ ವಿವರವನ್ನೋ ಹೇಳಬೇಡಿ.

ಹಳೆಗಂಟು:

ಎಲ್ಲರಿಗೂ ಧನ್ಯವಾದಗಳು. ಮೊದಲನೆಯದನ್ನು ಬಿಚ್ಚಿ ನೋಡಿದೆ. 10.240 ಎಂದು ಬರೆದ ಕ್ರಿಸ್ಟಲ್, ‘455’ ಎಂದಿರುವ ಪುಟ್ಟ ಚೌಕ ಡಬ್ಬಿ, ಎಂಸಿ3361 ಎಂಬ ಚಿಪ್ ಕಾಣಿಸುತ್ತಿವೆ. ಹ್ಯಾಂಡ್‌ಸೆಟ್‌ನ ಬೋರ್ಡನ್ನು ಕಿಲುಬು ತಿಂದುಹಾಕಿದೆ. ಬೇಸನ್ನು ಬಿಡಿಭಾಗಗಳಿಗೆಂದು ಇಟ್ಟುಕೊಳ್ಳುವುದು ಸಾರ್ಥಕವೇ?

ಅಲೆಮಾಪಕ:

ಸಾರ್ಥಕ. ನೀವು ಹೆಸರಿಸಿದ ಮೂರೂ ಸೇರಿದರೆ ಎಫ್‌ಎಂ ರಿಸೀವರಿನ ಹಿಂಭಾಗ ಸಿದ್ಧವಾದಂತೆ. ಇಂತಹ ಸೆಟ್‌ಗಳಲ್ಲಿ ಒಳಬಂದ ಸಂಕೇತವನ್ನು ಮೊದಲು 10.695 ಮೆಗಾಹರ್ಟ್ಸ್‌ಗೆ ಇಳಿಸಿ, ಅದನ್ನು 10.240ರೊಡನೆ ಬೆರೆಸಿದಾಗ ವ್ಯತ್ಯಾಸವಾಗಿ ಸರಿಯಾಗಿ 455 ಕಿಲೋಹರ್ಟ್ಸ್ ದೊರೆಯುತ್ತದೆ. ಆ ಬೆರಕೆಯಿಂದ ಹಿಡಿದು ಧ್ವನಿಯನ್ನು ಹೊರತೆಗೆಯುವವರೆಗಿನ ಕೆಲಸ ಎಂಸಿ3361 ಒಂದರೊಳಗೇ ನಡೆಯುತ್ತದೆ, ಚೌಕ ಡಬ್ಬಿ ಪಕ್ಕದ ಚಾನೆಲ್‌ಗಳನ್ನು ಸೋಸುತ್ತದೆ. ರೇಡಿಯೋ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಫಲಕ ಸಿಗುವುದು ಕಷ್ಟ. ಲೈನ್ ಜಾಕಿನ ಬಳಿ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನೂ ಎತ್ತಿಡಿ, ಧ್ವನಿ ಉಪಕರಣಗಳ ನಡುವೆ ಗುಂಯ್‌ಗುಡುವಿಕೆಯನ್ನು ತಡೆಯಲು ಬರುತ್ತದೆ.

ಪ್ರಸಾರದ ಭಾಗವನ್ನು ಮಾತ್ರ ಮುಟ್ಟಬೇಡಿ. 49 ಮೆಗಾಹರ್ಟ್ಸ್‌ನ ಸೆಟ್ಟನ್ನು 50ರ ಹವ್ಯಾಸಿ ಬ್ಯಾಂಡಿಗೆ ತಿರುಗಿಸುವವರಿದ್ದಾರೆ, ಆದರೆ ಅದಕ್ಕೆ ಹವ್ಯಾಸಿ ರೇಡಿಯೋ ಪರವಾನಗಿ ಬೇಕೇ ಬೇಕು.